ಗೊಬ್ಬರದ ಚೀಲದ ಮೇಲೆ ಬರೆದ ದೇಶ

2025ರ ಜುಲೈ ಕೊನೆಯ ವಾರ. ಸಿಂಧನೂರಿನ ಗೊಬ್ಬರದ ಅಂಗಡಿಯೊಂದರ ಮುಂದೆ ಬೆಳಗಿನ ಐದು ಗಂಟೆಗೆ ಹೋಗಿ ನಿಂತಾಗ ನನಗಿಂತ ಮುಂಚೆ ಅರವತ್ತು ಎಪ್ಪತ್ತು ಜನ ಯೂರಿಯಾಕ್ಕೆ ಬಂದಿದ್ದರು. ಕೆಲವರು ರಾತ್ರಿಯೇ ಬಂದು ಪಾಳಿಗೆ ಚಪ್ಪಲಿ ಇಟ್ಟು, ಚಪ್ಪಲಿಯ ಕೆಳಗೆ ಆಧಾರ್ ಕಾರ್ಡಿನ ಜೆರಾಕ್ಸ್ ಇಟ್ಟು, ಕಟ್ಟೆಯ ಮೇಲೆ ಮಲಗಿದ್ದರು. ಎದುರಿನ ಚಹಾದಂಗಡಿಯ ಟಿವಿಯಲ್ಲಿ ಹಿಂದಿನ ದಿನದ ಲೋಕಸಭೆ ಕಲಾಪ ಮತ್ತೆ ಹಾಕಿದ್ದರು. ಆಪರೇಷನ್ ಸಿಂಧೂರದ ಮೇಲಿನ ಚರ್ಚೆ. ಭಾರತ ಪಾಕಿಸ್ತಾನದ ಕದನ ನಿಲ್ಲಿಸಿದ್ದು ನಾನೇ ಎಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಹೇಳಿಕೊಂಡು ತಿರುಗುತ್ತಿದ್ದ ದಿನಗಳವು. ಇಂದಿರಾ ಗಾಂಧಿಗಿದ್ದ ಧೈರ್ಯದಲ್ಲಿ ಅರ್ಧವಾದರೂ ಇದ್ದರೆ ಟ್ರಂಪ್ ಹೇಳುತ್ತಿರುವುದು ಸುಳ್ಳು ಎಂದು ಇಲ್ಲೇ ಹೇಳಿ ಅಂತ ರಾಹುಲ್ ಗಾಂಧಿ ಸವಾಲು ಹಾಕಿದ್ದರು. ಜಗತ್ತಿನ ಯಾವ ನಾಯಕನೂ ನಮಗೆ ಕಾರ್ಯಾಚರಣೆ ನಿಲ್ಲಿಸಿ ಎಂದಿಲ್ಲ ಎಂದು ಪ್ರಧಾನಿ ಉತ್ತರ ಕೊಟ್ಟಿದ್ದರು. ಪಾಳಿಯಲ್ಲಿದ್ದವರು ಒಂದು ಕಣ್ಣು ಶಟರ್ ಮೇಲೆ, ಒಂದು ಕಣ್ಣು ಟಿವಿ ಮೇಲೆ ಇಟ್ಟಿದ್ದರು.

ನನ್ನ ಮುಂದಿದ್ದ ಹಿರಿಯರು ಹೆಗಲ ಮೇಲೆ ಹಾಕಿಕೊಂಡಿದ್ದ ಖಾಲಿ ಚೀಲದ ಮೇಲೆ ಅದು ಯಾವ ದೇಶದಿಂದ ಬಂದದ್ದು ಎಂದು ಅಚ್ಚಾಗಿತ್ತು. ಒಮಾನ್. ಹಳೆಯ ಚೀಲ, ಮಳೆಗೆ ತಲೆಯ ಮೇಲೆ ಹಾಕಿಕೊಳ್ಳಲು ತಂದದ್ದು. ಅವರಿಗೆ ಅದನ್ನು ಓದಿ ಹೇಳಿದೆ. "ಒಮಾನ್ ಅಂದ್ರ ಎಲ್ಲೈತ್ರಿ ಮಾಸ್ತರ?" ಅಂದರು. ದುಬೈ ಹತ್ತಿರ, ಸಮುದ್ರದ ಆಚೆ ಅಂದೆ. "ಅಲ್ಲಿಂದ ಬರ್ತೈತೇನು ಇದು! ಮತ್ತ ಟಿವ್ಯಾಗ ಅದನ್ಯಾಕ ಹೇಳವಲ್ರು?"

ಆ ಪ್ರಶ್ನೆಯನ್ನು ಅಂದಿನಿಂದ ನಾನು ಜೊತೆಗೇ ಇಟ್ಟುಕೊಂಡು ಓಡಾಡುತ್ತಿದ್ದೇನೆ.

ಯೂರಿಯಾ ಆಗುವುದು ನೈಸರ್ಗಿಕ ಅನಿಲದಿಂದ. ನಮಗೆ ಬೇಕಾದ ಯೂರಿಯಾದ ಬಹುಪಾಲು ನಮ್ಮ ದೇಶದ ಕಾರ್ಖಾನೆಗಳಲ್ಲೇ ತಯಾರಾಗುತ್ತದೆ, ನಿಜ. ಆದರೆ ಆ ಕಾರ್ಖಾನೆಗಳಿಗೆ ಬೇಕಾದ ಅನಿಲದ ದೊಡ್ಡ ಪಾಲು ಕತಾರ್‌ನಂಥ ದೇಶಗಳಿಂದ ಹಡಗಿನಲ್ಲಿ ಬರುತ್ತದೆ. ಉಳಿದ ಯೂರಿಯಾ ಒಮಾನ್, ಸೌದಿ, ರಷ್ಯಾದಂಥ ಕಡೆಗಳಿಂದ ಸಿದ್ಧವಾಗಿಯೇ ಬರಬೇಕು. ಡಿಎಪಿ ಗೊಬ್ಬರಕ್ಕೆ ಸೌದಿ, ಮೊರಾಕ್ಕೊ. ಪೊಟ್ಯಾಷ್ ಅಂತೂ ನಮ್ಮಲ್ಲಿ ತೆಗೆಯುವುದೇ ಇಲ್ಲ. ಕೆನಡಾ, ರಷ್ಯಾ, ಬೆಲಾರಸ್, ಜೋರ್ಡಾನ್, ಇಸ್ರೇಲ್. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ ಹನ್ನೆರಡು ದಿನ ಬಡಿದಾಡಿದವು. ಇಸ್ರೇಲ್ ತನ್ನ ಸಮುದ್ರದ ಅನಿಲ ಬಾವಿಗಳನ್ನು ಮುಚ್ಚಿತು, ಆ ಅನಿಲವನ್ನೇ ನಂಬಿದ್ದ ಈಜಿಪ್ಟಿನ ಯೂರಿಯಾ ಕಾರ್ಖಾನೆಗಳು ನಿಂತವು, ಜಗತ್ತಿನ ಪೇಟೆಯಲ್ಲಿ ಬೆಲೆ ಏರಿತು. ಚೀನಾ ಅದಕ್ಕೂ ಮೊದಲೇ ತನ್ನ ಗೊಬ್ಬರ ಹೊರಗೆ ಹೋಗದಂತೆ ಬಾಗಿಲು ಬಿಗಿ ಮಾಡಿತ್ತು. ಇತ್ತ ನಮ್ಮಲ್ಲಿ ಮುಂಗಾರು ಬೇಗ ಬಂತು, ಜನ ಗೋವಿನಜೋಳ ಹೆಚ್ಚು ಬಿತ್ತಿದರು, ಯೂರಿಯಾ ಕೇಳುವವರು ಹೆಚ್ಚಾದರು. 45 ಕಿಲೋದ ಚೀಲಕ್ಕೆ 266 ರೂಪಾಯಿ 50 ಪೈಸೆ ಎಂಬ ಬೆಲೆ ಮಾತ್ರ ಅಲ್ಲಾಡಲಿಲ್ಲ. ಚೀಲವೇ ಇರಲಿಲ್ಲ.

ಅದೇ ದಿನಗಳಲ್ಲಿ ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ ರೈತರೊಬ್ಬರು ಗೊಬ್ಬರ ಸಿಗದ ಸಂಕಟಕ್ಕೆ ಮಣ್ಣನ್ನೇ ಬಾಯಿಗೆ ಹಾಕಿಕೊಂಡರು. ಆ ವಿಡಿಯೊ ನಮ್ಮ ಎಲ್ಲ ವಾಟ್ಸ್ಆ್ಯಪ್ ಗುಂಪುಗಳಿಗೂ ಬಂತು. ಕಾಂಗ್ರೆಸ್ಸಿನವರು ಅದನ್ನು ಕಳಿಸುತ್ತಾ ಕೇಂದ್ರ ಗೊಬ್ಬರ ಕೊಡುತ್ತಿಲ್ಲ ಎಂದರು. ಬಿಜೆಪಿಯವರು ಅದನ್ನೇ ಕಳಿಸುತ್ತಾ ಕೊಟ್ಟ ಗೊಬ್ಬರ ರಾಜ್ಯ ಸರ್ಕಾರದ ಕಣ್ಣೆದುರೇ ಕಾಳಸಂತೆಗೆ ಹೋಗಿದೆ ಎಂದರು. ಮುಖ್ಯಮಂತ್ರಿ ಕೇಂದ್ರ ಸಚಿವರಿಗೆ ಪತ್ರ ಬರೆದರು. ಎರಡೂ ಮಾತಿನಲ್ಲಿ ಸ್ವಲ್ಪ ಸ್ವಲ್ಪ ಸತ್ಯ ಇತ್ತು. ನಮ್ಮೂರಿನ ವೇದಿಕೆಗಳಲ್ಲಿ ನಾನು ಕೇಳಿದ ಯಾವ ಭಾಷಣದಲ್ಲೂ ಈಜಿಪ್ಟ್ ಬರಲಿಲ್ಲ, ಚೀನಾದ ಬಾಗಿಲು ಬರಲಿಲ್ಲ. ಇರಾನ್ ಬಂತು, ಇಸ್ರೇಲ್ ಬಂತು. ಯಾರು ಗಂಡಸು, ಯಾರು ಹೇಡಿ, ನಮ್ಮ ನಾಯಕ ಯಾರ ಬೆನ್ನು ತಟ್ಟಿದ ಎನ್ನುವ ಸಂದರ್ಭಕ್ಕೆ ಮಾತ್ರ ಬಂತು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವನು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ ನಾಲ್ಕು ಎಕರೆ ಗದ್ದೆ ಇದೆ. ಹೀಗಾಗಿ ಈ ವಿಷಯ ನನ್ನನ್ನು ಎರಡೂ ಕಡೆಯಿಂದ ಹಿಡಿಯುತ್ತದೆ. ಮಕ್ಕಳಿಗೆ ವಿಶ್ವಸಂಸ್ಥೆ, ಅಲಿಪ್ತ ನೀತಿ, ಪಂಚಶೀಲ ಎಂದು ಬೋರ್ಡಿನ ಮೇಲೆ ಬರೆದು ಹೊರಗೆ ಬಂದರೆ ಊರಿನ ಮೈಕಿನಲ್ಲಿ ಅದೇ ಜಗತ್ತು ಬೇರೆಯೇ ಆಕಾರದಲ್ಲಿ ಕೇಳಿಸುತ್ತದೆ.

ನಮ್ಮಪ್ಪ ಹುಟ್ಟಿದ್ದು ತುಂಗಭದ್ರೆಯ ಉತ್ತರ ದಂಡೆಯಲ್ಲಿ, ಮುನಿರಾಬಾದಿನ ಹತ್ತಿರದ ಹಳ್ಳಿಯಲ್ಲಿ. ಅವ್ವ ಹೊಸಪೇಟೆ ಕಡೆಯವಳು. ಇವತ್ತು ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಅಪ್ಪನ ಬಾಲ್ಯದಲ್ಲಿ ಅದು ಎರಡು ಆಳ್ವಿಕೆ. ಇತ್ತ ನಿಜಾಮನ ಹೈದರಾಬಾದ್, ಅತ್ತ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಇತ್ತ ಹಾಲಿ ಸಿಕ್ಕಾ ರೂಪಾಯಿ, ಅತ್ತ ಕಲ್ದಾರ ರೂಪಾಯಿ. ನಡುವೆ ಕರೋಡಗಿರಿ ನಾಕಾ, ಅಂದರೆ ಸುಂಕದ ಕಟ್ಟೆ. "ಹೊಳಿ ದಾಟಿದ್ರ ಬ್ಯಾರೆ ರಾಜ್ಯ, ಎಣ್ಣಿ ಸೀಸಾ ತಂದ್ರೂ ಬಿಚ್ಚಿ ನೋಡವ್ರು" ಎಂದು ಅಜ್ಜಿ ಹೇಳುತ್ತಿದ್ದಳಂತೆ. ಅಳವಂಡಿ ಶಿವಮೂರ್ತಿಸ್ವಾಮಿಯವರಂಥವರು ಗಡಿಯಾಚೆ ಮುಂಡರಗಿಯಲ್ಲಿ ಶಿಬಿರ ಕಟ್ಟಿ ನಿಜಾಮನ ವಿರುದ್ಧ ಹೋರಾಡಿದ್ದೂ ಇದೇ ಕಾರಣಕ್ಕೆ; ಆಚೆ ದಾಟಿದರೆ ಬೇರೆ ಸರ್ಕಾರದ ನೆಲ.

1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ನುಗ್ಗಿತು. ಅದಕ್ಕೂ ಮೊದಲೇ, ಆಗಸ್ಟ್‌ನಲ್ಲಿ, ನಿಜಾಮನ ಸರ್ಕಾರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತ್ತು. ಸೇನೆ ನಡೆಯುತ್ತಿದ್ದಾಗಲೇ, ಸೆಪ್ಟೆಂಬರ್ 16ರಂದು, ಮಂಡಳಿ ಅದನ್ನು ಚರ್ಚೆಗೆ ತೆಗೆದುಕೊಂಡಿತು. ನಮ್ಮ ರಾಯಚೂರು, ನಮ್ಮ ಕೊಪ್ಪಳ ಕೆಲವು ದಿನಗಳ ಮಟ್ಟಿಗೆ ಅಂತರರಾಷ್ಟ್ರೀಯ ವಿವಾದದ ನೆಲವಾಗಿದ್ದವು. ಇದನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ನನ್ನ ಮುಖ ನೋಡುತ್ತಾರೆ. ಈ ಊರು ಸುದ್ದಿಯ ಜಗತ್ತಿನಲ್ಲಿ ಇತ್ತು ಎಂಬುದನ್ನೇ ಅವರು ನಂಬಲಾರರು. ದೆಹಲಿ ಅದನ್ನು ಯುದ್ಧ ಎನ್ನಲಿಲ್ಲ, ಪೊಲೀಸ್ ಕಾರ್ಯಾಚರಣೆ ಎಂದಿತು. ಯುದ್ಧ ಎಂದರೆ ಎರಡು ದೇಶಗಳು ಎಂದಾಗುತ್ತದೆ, ನಮ್ಮ ಮನೆಯೊಳಗಿನ ಸಂಗತಿ ಎಂದರೆ ಹೊರಗಿನವರು ಬಾಯಿ ಹಾಕುವಂತಿಲ್ಲ. ಅಪ್ಪನಿಗೆ ಆಗ ಆರು ವರ್ಷ. ಸಾಯುವವರೆಗೂ ಒಂದೇ ಮಾತು: "ಪೊಲೀಸ್ರು ಬಂದಿದ್ದಿಲ್ಲೋ, ಮಿಲಿಟ್ರಿ ಬಂದಿತ್ತು. ಗಾಡಿ ನೋಡೀನಿ ನಾನು." ನಿಜಾಮನ ಆಳ್ವಿಕೆ ಹೋದದ್ದು ಅವರಿಗೆ ಬಿಡುಗಡೆಯೇ. ನಿಜಾಮನ ಪರದ ಖಾಸಗಿ ಪಡೆಯಾಗಿದ್ದ ರಜಾಕಾರರ ಹೆಸರು ಹೇಳಿದರೆ ಎಂಬತ್ತರ ವಯಸ್ಸಿನಲ್ಲೂ ಅವರ ದನಿ ಬದಲಾಗುತ್ತಿತ್ತು. ಆದರೂ ಕಣ್ಣಾರೆ ಕಂಡದ್ದಕ್ಕೆ ಸರ್ಕಾರ ಇಟ್ಟ ಹೆಸರನ್ನು ಅವರು ಒಪ್ಪಲಿಲ್ಲ. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿ ಅದನ್ನು ವಿಶೇಷ ಸೇನಾ ಕಾರ್ಯಾಚರಣೆ ಎಂದು ಕರೆದಾಗ ನನಗೆ ಅಪ್ಪನ ಮಾತು ನೆನಪಾಯಿತು. ಎರಡು ಘಟನೆಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಇತಿಹಾಸ ಬೇರೆ, ಕಾರಣ ಬೇರೆ. ಆದರೆ ಹೆಸರು ಇಡುವವರು ಯಾರು, ಯಾಕೆ ಇಡುತ್ತಾರೆ ಎಂದು ಕೇಳುವ ಅಭ್ಯಾಸ ನನಗೆ ಬಂದದ್ದು ಅಪ್ಪನಿಂದ.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಗದ್ದೆಗೆ ಬರುವ ನೀರು ಅಂಥ ಎರಡು ಸರ್ಕಾರಗಳು ಕೂತು ಮಾತಾಡಿದ್ದರ ಫಲ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಇಟ್ಟದ್ದು ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು, ಹೊಳೆಯ ಎರಡು ದಂಡೆಗಳಲ್ಲಿ. ಮೂರೇ ವರ್ಷದಲ್ಲಿ ನಡುವೆ ಸೇನೆ ನಡೆಯಿತು. ಒಪ್ಪಂದ ಮಾತ್ರ ಉಳಿಯಿತು, 1953ಕ್ಕೆ ಕಾಲುವೆಗೆ ನೀರು ಬಂತು. ಗಂಗಾವತಿ, ಕಾರಟಗಿ, ಸಿಂಧನೂರಿನ ಸೋನಾ ಮಸೂರಿ ಅನ್ನ ಉಣ್ಣುವವರು ಆ ಒಪ್ಪಂದವನ್ನು ಉಣ್ಣುತ್ತಿದ್ದಾರೆ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಭಾಷಣಗಳಲ್ಲಿ ಇದನ್ನು ಯಾರಾದರೂ ಹೇಳಲಿ ಎಂದು ವರ್ಷವೂ ಕಾಯುತ್ತೇನೆ.

1999ರಲ್ಲಿ ನಾನು ಡಿಗ್ರಿ ಓದುತ್ತಿದ್ದೆ. ಕಾರ್ಗಿಲ್ ಯುದ್ಧ ಜುಲೈನಲ್ಲಿ ಮುಗಿದಿತ್ತು. ಆಗಸ್ಟ್‌ನಲ್ಲಿ ಸೋನಿಯಾ ಗಾಂಧಿ ಬಳ್ಳಾರಿಗೆ ಬಂದು ನಾಮಪತ್ರ ಕೊಟ್ಟರು, ಬೆನ್ನಿಗೇ ಸುಷ್ಮಾ ಸ್ವರಾಜ್ ಬಂದರು. ಮಾವನ ಊರು ಸಿರುಗುಪ್ಪ ಕಡೆ ಇದ್ದುದರಿಂದ ಎರಡೂ ಕಡೆಯ ಸಭೆಗಳಿಗೆ ಹೋದೆ. ವಿದೇಶಿ ಸೊಸೆ, ಸ್ವದೇಶಿ ಮಗಳು ಎಂಬ ಮಾತೇ ಎಲ್ಲೆಲ್ಲೂ. ಸುಷ್ಮಾ ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿದರು. ಆ ಶ್ರಮವನ್ನು ಇವತ್ತಿಗೂ ಗೌರವಿಸುತ್ತೇನೆ. ಆದರೆ ಕಾರ್ಗಿಲ್ಲಿನಲ್ಲಿ ಸತ್ತ ಹುಡುಗರ ಹೆಸರಿನಲ್ಲಿ ಕೇಳಿದ್ದು ಒಬ್ಬ ಹೆಣ್ಣುಮಗಳು ಹುಟ್ಟಿದ ದೇಶದ ಲೆಕ್ಕವನ್ನು. ಕಾಂಗ್ರೆಸ್ ಕೊಟ್ಟ ಉತ್ತರವೂ ಇಂದಿರಮ್ಮನ ಸೊಸೆ ಎಂಬುದರಲ್ಲೇ ಮುಗಿಯುತ್ತಿತ್ತು. ಲಾಹೋರಿಗೆ ಬಸ್ಸು ಹೋದ ಫೆಬ್ರುವರಿಗೂ ಗುಡ್ಡದ ಮೇಲೆ ವೈರಿ ಕಂಡ ಮೇ ತಿಂಗಳಿಗೂ ನಡುವೆ ಏನಾಯಿತು, ಹಿಂದಿನ ವರ್ಷ ಎರಡೂ ದೇಶಗಳು ಅಣುಬಾಂಬ್ ಪರೀಕ್ಷೆ ಮಾಡಿದ್ದರಿಂದ ಏನು ಬದಲಾಯಿತು ಎಂದು ಬಳ್ಳಾರಿಯ ಜನಕ್ಕೆ ಹೇಳಬೇಕು ಎಂದು ಎರಡೂ ಪಕ್ಷಗಳಿಗೆ ಅನ್ನಿಸಲಿಲ್ಲ. ಸುಮಾರು 56,000 ಮತಗಳಿಂದ ಸೋನಿಯಾ ಗೆದ್ದರು, ಅಮೇಠಿ ಇಟ್ಟುಕೊಂಡು ಬಳ್ಳಾರಿ ಬಿಟ್ಟರು. ಅದರ ಮುಂದಿನ ವರ್ಷಗಳಲ್ಲಿ ಚೀನಾ ಉಕ್ಕಿಗಾಗಿ ಹಸಿದು ನಮ್ಮ ಸಂಡೂರಿನ ಕಬ್ಬಿಣದ ಅದಿರಿನ ಗುಡ್ಡಗಳನ್ನು ಲಾರಿ ಲಾರಿ ತುಂಬಿ ಒಯ್ಯುವಾಗ, ದೇಶಭಕ್ತಿಯ ಯಾವ ಭಾಷಣವೂ ಆ ಲಾರಿಗಳ ಹಿಂದೆ ಹೋಗಲಿಲ್ಲ.

ಪಕ್ಷಗಳು ಅಧಿಕಾರದಲ್ಲಿ ಕೂತು ಮಾಡುವುದಕ್ಕೂ ವೇದಿಕೆಯ ಮೇಲೆ ಆಡುವುದಕ್ಕೂ ಇರುವ ದೂರ ನನ್ನನ್ನು ಬಹಳ ಕಾಡುತ್ತದೆ. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ಹೋದಾಗ, 1980ರ ಜನವರಿಯಲ್ಲಿ, ವಿಶ್ವಸಂಸ್ಥೆಯ ಮತದಾನದಿಂದ ಭಾರತ ದೂರ ಉಳಿಯಿತು. ಆಗ ಇಂದಿರಾ ಗಾಂಧಿ. ರಷ್ಯಾ ಉಕ್ರೇನಿಗೆ ಹೋದಾಗ, 2022ರ ಮಾರ್ಚ್‌ನಲ್ಲಿ, ಭಾರತ ಮತ್ತೆ ದೂರ ಉಳಿಯಿತು, ಈಗ ಮೋದಿ. ಉಕ್ರೇನ್ ವಿಷಯದಲ್ಲಿ ವಿರೋಧ ಪಕ್ಷಗಳು ಹೆಚ್ಚೂಕಡಿಮೆ ಸರ್ಕಾರದ ನಿಲುವನ್ನು ಒಪ್ಪುತ್ತವೆ ಎಂದು ರಾಹುಲ್ ಗಾಂಧಿಯೇ 2023ರ ಸೆಪ್ಟೆಂಬರ್‌ನಲ್ಲಿ ಬ್ರಸೆಲ್ಸ್‌ನಲ್ಲಿ ಹೇಳಿದರು. ಪ್ಯಾಲೆಸ್ತೀನ್ ದೇಶಕ್ಕೆ 1988ರಲ್ಲಿ ಮಾನ್ಯತೆ ಕೊಟ್ಟದ್ದು ಕಾಂಗ್ರೆಸ್ ಸರ್ಕಾರ, 1992ರಲ್ಲಿ ಇಸ್ರೇಲ್ ಜೊತೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿದ್ದೂ ಕಾಂಗ್ರೆಸ್ ಸರ್ಕಾರ. 2023ರ ಅಕ್ಟೋಬರ್‌ನಲ್ಲಿ ಗಾಜಾದ ಕದನವಿರಾಮದ ಮತದಿಂದ ದೂರ ಉಳಿದದ್ದು ಬಿಜೆಪಿ ಸರ್ಕಾರ, ಡಿಸೆಂಬರ್‌ನಲ್ಲಿ ಕದನವಿರಾಮದ ಪರವಾಗಿ ಕೈ ಎತ್ತಿದ್ದೂ ಅದೇ ಸರ್ಕಾರ. ಈ ಎರಡನೆಯ ಮತದ ಸುದ್ದಿ ನಮ್ಮೂರಿನ ಬಿಜೆಪಿ ಗೆಳೆಯರಿಗೂ ತಿಳಿದಿರಲಿಲ್ಲ, ಕಾಂಗ್ರೆಸ್ ಗೆಳೆಯರಿಗೂ ತಿಳಿದಿರಲಿಲ್ಲ. ಅವರಿಗೆ ತಿಳಿದಿದ್ದದ್ದು ಚೀಲದ ಸುದ್ದಿ: 2024ರ ಡಿಸೆಂಬರ್‌ನಲ್ಲಿ ಪ್ರಿಯಾಂಕಾ ಗಾಂಧಿ ಪ್ಯಾಲೆಸ್ತೀನ್ ಎಂದು ಬರೆದ ಚೀಲ ಹಿಡಿದು ಸಂಸತ್ತಿಗೆ ಬಂದದ್ದು, ಮರುದಿನ ಬಾಂಗ್ಲಾದೇಶದ ಅಲ್ಪಸಂಖ್ಯಾತರ ಚೀಲ ತಂದದ್ದು, ಬಿಜೆಪಿಯ ಸಂಸದರೊಬ್ಬರು ಅವರಿಗೆ 1984 ಎಂದು ಬರೆದ ಚೀಲ ಕೊಟ್ಟದ್ದು. ಗಾಜಾದ ಮಕ್ಕಳು, ಢಾಕಾದ ಭಯ, ದೆಹಲಿಯ ಸಿಖ್ಖರ ಮನೆಗಳ ಬೆಂಕಿ, ಮೂರೂ ನಿಜವಾದ ನೋವುಗಳು. ಮೂರನ್ನೂ ಒಬ್ಬರ ಬಾಯಿ ಮುಚ್ಚಿಸಲು ಇನ್ನೊಬ್ಬರು ಹಿಡಿದರು.

ಕೆಂಬಾವುಟದವರ ಬಗ್ಗೆಯೂ ಹೇಳಬೇಕು. ನಮ್ಮ ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ಕೂಲಿಕಾರರ ಸಭೆಯಲ್ಲಿ ಗಾಜಾದ ಹೆಸರು ಎತ್ತುವವರು ಅವರೊಬ್ಬರೇ. ಮನರೇಗಾ ಕೂಲಿಯ ಮಾತಿನ ನಡುವೆ ಸಾಮ್ರಾಜ್ಯಶಾಹಿ ಎಂಬ ಪದ ಬರುತ್ತದೆ, ನೆಲದ ಮೇಲೆ ಕೂತ ಹೆಣ್ಣುಮಕ್ಕಳು ಗಮನವಿಟ್ಟು ಕೇಳುತ್ತಾರೆ. ಇದು ನನಗೆ ದೊಡ್ಡ ಸಂಗತಿ. ಆದರೆ ಅಮೆರಿಕದ ಬಾಂಬಿಗೆ ಇರುವ ಕಾವು ರಷ್ಯಾದ ಬಾಂಬಿನ ವಿಷಯಕ್ಕೆ ಬಂದಾಗ ಅವರ ಮಾತಿನಲ್ಲಿ ಇಳಿಯುತ್ತದೆ. 2022ರಲ್ಲಿ ಮಾರ್ಕ್ಸ್‌ವಾದಿ ಪಕ್ಷ ರಷ್ಯಾದ ಸೇನಾ ಕ್ರಮವನ್ನು ವಿಷಾದಕರ ಎಂದಿತು, ಹೆಚ್ಚಿನ ಮಾತನ್ನು ನೇಟೊ ವಿಸ್ತರಣೆಗೆ ಮೀಸಲಿಟ್ಟಿತು. ಹಾರ್ಕೀವಿನಲ್ಲಿ ಊಟದ ಸಾಮಾನು ತರಲು ಹೊರಗೆ ಬಂದ ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಸತ್ತದ್ದು ಆ ವಿಷಾದಕರ ಕ್ರಮದಲ್ಲಿ. ಅವನು ಅಷ್ಟು ದೂರ ಹೋದದ್ದು ಇಲ್ಲಿನ ಖಾಸಗಿ ಕಾಲೇಜಿನ ಫೀಸು ಕಟ್ಟಲಾಗದೆ. 2024ರ ಚುನಾವಣೆಯ ಜಾಹೀರಾತಿನಲ್ಲಿ ಹುಡುಗಿಯೊಬ್ಬಳು ಉಕ್ರೇನಿನಿಂದ ಮರಳಿ, ಮೋದಿಯವರು ಯುದ್ಧ ನಿಲ್ಲಿಸಿ ನಮ್ಮನ್ನು ಕರೆತಂದರು ಎಂದು ಅಪ್ಪನಿಗೆ ಹೇಳುತ್ತಾಳೆ. ಹೀಗೆ ಯಾರೋ ಬಾಂಬ್ ಹಾಕುವುದನ್ನು ತಡೆಹಿಡಿದಿದ್ದಾರೆ ಎಂಬ ಮಾತು ಸರಿಯಲ್ಲ ಎಂದು ವಿದೇಶಾಂಗ ಸಚಿವಾಲಯದ ವಕ್ತಾರರೇ 2022ರ ಮಾರ್ಚ್‌ನಲ್ಲಿ ಹೇಳಿದ್ದರು. ಮಕ್ಕಳನ್ನು ಸಾವಿರಾರು ಸಂಖ್ಯೆಯಲ್ಲಿ ವಿಮಾನ ಹತ್ತಿಸಿ ತಂದದ್ದು ನಿಜವಾದ ಕೆಲಸ, ಕಷ್ಟದ ಕೆಲಸ. ಅಷ್ಟನ್ನೇ ಹೇಳಿದ್ದರೂ ಸಾಕಿತ್ತು.

ಇನ್ನು ಹತ್ತಿಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇದರಷ್ಟು ಸ್ಪಷ್ಟವಾದ ಉದಾಹರಣೆ ನನಗೆ ಇನ್ನೊಂದು ಸಿಕ್ಕಿಲ್ಲ. ಉಕ್ರೇನ್ ಯುದ್ಧದಿಂದ ರಷ್ಯಾದ ಎಣ್ಣೆ ಅಗ್ಗವಾಯಿತು, ಭಾರತ ಕೊಂಡಿತು. ಆ ಎಣ್ಣೆಯ ನೆಪ ಹೇಳಿ ಅಮೆರಿಕ ಭಾರತದ ಸರಕಿನ ಮೇಲೆ 25 ಪರ್ಸೆಂಟ್ ಹೆಚ್ಚುವರಿ ಸುಂಕ ಹಾಕಿತು. ಮೊದಲಿನದೂ ಸೇರಿ 2025ರ ಆಗಸ್ಟ್ 27ರಿಂದ ಒಟ್ಟು 50 ಪರ್ಸೆಂಟ್ ಆಯಿತು. ತಿರುಪ್ಪೂರಿನ ಬಟ್ಟೆ ಗಿರಣಿಗಳು ತತ್ತರಿಸಿದವು. ಅವರಿಗೆ ಹಗುರಾಗಲಿ ಎಂದು ಕೇಂದ್ರ ಸರ್ಕಾರ ಹೊರಗಿನ ಹತ್ತಿಯ ಮೇಲಿದ್ದ 11 ಪರ್ಸೆಂಟ್ ಆಮದು ಸುಂಕವನ್ನು ಆಗಸ್ಟ್ 19ರಿಂದ ತೆಗೆಯಿತು, ಮೊದಲು ಸೆಪ್ಟೆಂಬರ್ ಕೊನೆಯವರೆಗೆ, ಆಮೇಲೆ ಡಿಸೆಂಬರ್ 31ರವರೆಗೆ. ರೈತರ ಹಿತದಲ್ಲಿ ರಾಜಿ ಇಲ್ಲ, ಅದಕ್ಕೆ ನಾನೇ ಬೆಲೆ ತೆರಬೇಕಾದರೂ ಸಿದ್ಧ ಎಂದು ಪ್ರಧಾನಿ ಹೇಳಿ ಆಗ ಹನ್ನೆರಡು ದಿನವಾಗಿತ್ತು. ನಮ್ಮ ರಾಯಚೂರಿನ ಎಪಿಎಂಸಿಗೆ ಹೊಸ ಹತ್ತಿ ಬರುವುದು ಅಕ್ಟೋಬರ್, ನವೆಂಬರ್, ಡಿಸೆಂಬರ್‌ನಲ್ಲಿ. ಸರಿಯಾಗಿ ಅದೇ ತಿಂಗಳುಗಳು.

ದೀಪಾವಳಿಯ ಆಸುಪಾಸಿನಲ್ಲಿ ದೊಡ್ಡಪ್ಪನ ಮಗನ ಜೊತೆ ಆ ಮಾರುಕಟ್ಟೆಗೆ ಹೋಗಿದ್ದೆ. ಮಧ್ಯಮ ಎಳೆಯ ಹತ್ತಿಗೆ ಆ ವರ್ಷದ ಬೆಂಬಲ ಬೆಲೆ ಕ್ವಿಂಟಲ್‌ಗೆ 7,710 ರೂಪಾಯಿ, ಉದ್ದ ಎಳೆಗೆ 8,110. ಹರಾಜಿನಲ್ಲಿ ಅವನಿಗೆ ಸಿಕ್ಕಿದ್ದು ಅದಕ್ಕಿಂತ ಕಡಿಮೆ. ಮಳೆಗೆ ಹಸಿಯಾಗಿದೆ, ತೇವಾಂಶ ಹೆಚ್ಚಿದೆ ಎಂದರು. ಅವನು ಚೀಟಿ ಮಡಚಿ ಜೇಬಿಗೆ ಇಟ್ಟುಕೊಂಡು ಬೂದಿಯಂತೆ ಕೂತ. ಸುಂಕದ ಕಥೆ ಹೇಳಿದೆ. ಉಕ್ರೇನ್, ಎಣ್ಣೆ, ಟ್ರಂಪ್, ತಿರುಪ್ಪೂರು. ಅವನು ಪೂರ್ತಿ ಕೇಳಿ, "ಇಷ್ಟೆಲ್ಲ ನಡೆದೈತೇನಪಾ. ನಾನು ಬರೀ ಮಳಿ ಬೈಕೋತ ಕುಂತಿದ್ನಿ" ಅಂದ. ಅವನು ಪಕ್ಷದ ಕಾರ್ಯಕರ್ತ, ಚುನಾವಣೆಯಲ್ಲಿ ಬೈಕಿಗೆ ಬಾವುಟ ಕಟ್ಟುವವನು. ಸ್ವದೇಶಿ ಎಂದು ಅವನ ಪಕ್ಷ ಹೇಳಿತ್ತು, ಟ್ರಂಪ್ ಗೆಳೆತನ ಸೋತಿತು ಎಂದು ಎದುರು ಪಕ್ಷ ಹೇಳಿತ್ತು. ಹತ್ತಿಯ ಸುಂಕದ ವಿಷಯವನ್ನು ರೈತ ಸಂಘಟನೆಗಳು ಎತ್ತಿ ಕೂಗಿದವು. ಅದು ಅವನ ಮೊಬೈಲಿಗೆ ಬಂದಿರಲಿಲ್ಲ.

ಸಿಂಧನೂರಿನ ಸುತ್ತ ಕ್ಯಾಂಪುಗಳಿವೆ. ಪೂರ್ವ ಪಾಕಿಸ್ತಾನ ಬಾಂಗ್ಲಾದೇಶವಾಗುವ ಆಸುಪಾಸಿನ ವರ್ಷಗಳಲ್ಲಿ ಓಡಿಬಂದ ಬಂಗಾಳಿ ಕುಟುಂಬಗಳನ್ನು ತಂದು ಇಳಿಸಿದ ಪುನರ್ವಸತಿ ಕ್ಯಾಂಪುಗಳು. ನಾವು ಆರ್‌ಎಚ್ ಕ್ಯಾಂಪ್ ಎನ್ನುತ್ತೇವೆ. ಮುಳ್ಳುಜಾಲಿಯ ಎರೆ ನೆಲದಲ್ಲಿ ಅವರು ಕೆರೆ ತೋಡಿದರು, ಮೀನು ಸಾಕಿದರು, ಮನೆಯೆದುರು ತುಳಸಿ ನೆಟ್ಟರು. ಹೆಂಗಸರು ಸೂಜಿಯ ಕಸೂತಿಯಲ್ಲಿ ಮನೆ ನಡೆಸುತ್ತಾರೆ. ಬಹುಪಾಲು ನಾಮಶೂದ್ರರು, ಬಂಗಾಳದಲ್ಲಿ ಪರಿಶಿಷ್ಟ ಜಾತಿ, ಇಲ್ಲಿ ಆ ಪ್ರಮಾಣಪತ್ರ ಇಲ್ಲ. ಎಷ್ಟೋ ಜನಕ್ಕೆ ಪೌರತ್ವದ ಕಾಗದವೇ ಇರಲಿಲ್ಲ. 2024ರಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯಡಿ ಕೆಲವರಿಗೆ ಅದು ಸಿಕ್ಕಿತು, ಅರ್ಧ ಶತಮಾನ ಕಳೆದ ಮೇಲೆ. ಆ ದಿನ ಕ್ಯಾಂಪಿನಲ್ಲಿ ಹಂಚಿದ ಸಂದೇಶ್ ಎಂಬ ಬಂಗಾಳಿ ಸಿಹಿಯನ್ನು ನಾನೂ ತಿಂದಿದ್ದೇನೆ. ಆ ಕಾಯ್ದೆ ಧರ್ಮ ನೋಡಿ ಬಾಗಿಲು ತೆರೆಯುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಆ ಕಾಗದ ಹಿಡಿದ ಮುದುಕರೊಬ್ಬರ ಕೈ ನಡುಗುತ್ತಿದ್ದುದನ್ನೂ ಮರೆಯಲಾರೆ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಮಾತಾಡುವ ಒಬ್ಬ ಭಾಷಣಕಾರ ನಮ್ಮೂರಿಗೆ ಬಂದಿಲ್ಲ.

ಅದೇ ವರ್ಷ ಆಗಸ್ಟ್‌ನಲ್ಲಿ ಬಾಂಗ್ಲಾದೇಶದ ಪ್ರಧಾನಿಯಾಗಿದ್ದ ಶೇಖ್ ಹಸೀನಾ ಢಾಕಾ ಬಿಟ್ಟು ಓಡಿಬಂದರು. ಆಮೇಲೆ ನಮ್ಮ ಬೀದಿಗಳಲ್ಲಿ ಬಾಂಗ್ಲಾದೇಶಿ ಎಂಬುದು ಬೈಗುಳವಾಯಿತು. ಮೆರವಣಿಗೆಯೊಂದು ಶಾಲೆಯ ಮುಂದೆ ಹೋಗುವಾಗ ಮೈಕಿನಲ್ಲಿ, ಬಾಂಗ್ಲಾದೇಶಿಗಳನ್ನು ಓಡಿಸಿ ಎಂಬ ಕೂಗು ಕೇಳಿತು. ಕೂಗಿದವರ ಮನಸ್ಸಿನಲ್ಲಿ ಇದ್ದವರು ಬೇರೆ ಯಾರೋ. ಒಂಬತ್ತನೆಯ ತರಗತಿಯ ಮೂರನೆಯ ಬೆಂಚಿನಲ್ಲಿ ಕ್ಯಾಂಪಿನ ಹುಡುಗಿ ತಲೆ ತಗ್ಗಿಸಿ ನೋಟ್ಸಿನ ಮೂಲೆಯಲ್ಲಿ ಗೆರೆ ಎಳೆಯತೊಡಗಿದಳು. ಮೆರವಣಿಗೆ ತಿರುವು ದಾಟುವವರೆಗೆ ಎಳೆಯುತ್ತಲೇ ಇದ್ದಳು.

ಮರುವರ್ಷ, ಗೊಬ್ಬರದ ಪಾಳಿಯ ಆ ವಾರ ಮುಗಿದ ಮೇಲೆ, ಮಕ್ಕಳಿಗೆ ಮನೆಯಲ್ಲಿರುವ ಖಾಲಿ ಚೀಲಗಳ ಮೇಲೆ ಏನು ಬರೆದಿದೆ ನೋಡಿಕೊಂಡು ಬನ್ನಿ ಎಂದೆ. ಗೋಡೆಗೆ ಜಗತ್ತಿನ ದೊಡ್ಡ ನಕಾಶೆ ತೂಗುಹಾಕಿದೆ. ಒಬ್ಬೊಬ್ಬರೇ ಬಂದು ಬೊಟ್ಟು ಇಟ್ಟರು. ಒಮಾನ್. ರಷ್ಯಾ. ಸೌದಿ. ಮೊರಾಕ್ಕೊ ಹುಡುಕಲು ಒಬ್ಬ ಹುಡುಗನಿಗೆ ಬಹಳ ಹೊತ್ತು ಹಿಡಿಯಿತು, ಸಿಕ್ಕಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದೊಂದು ದೇಶಕ್ಕೂ ಅಲ್ಲಿ ಈಗ ಏನು ನಡೆದಿದೆ, ಹಡಗು ಯಾವ ದಾರಿಯಲ್ಲಿ ಬರುತ್ತದೆ ಎಂದು ಹೇಳುತ್ತಾ ಹೋದೆ. ಕೊನೆಗೆ ಆ ಹುಡುಗಿ ಎದ್ದು ಬಂದಳು. ಈಗ ಹತ್ತನೆಯ ತರಗತಿ. ಅವಳು ಬೊಟ್ಟು ಇಟ್ಟದ್ದು ಬಾಂಗ್ಲಾದೇಶದ ಖುಲ್ನಾದ ಮೇಲೆ.

ಅಲ್ಲಿಂದ ನಿಮ್ಮ ಮನೆಗೆ ಏನು ಬಂತಮ್ಮಾ ಅಂದೆ.

"ದಿದಿಮಾ, ಸರ್," ಅಂದಳು. "ನಮ್ಮಜ್ಜಿ."